ಬರ್ತೇನಿ ಅಂದ ಮಿಸೆಸ್ ಪೆಪ್ಪರ್

ನವನಗರ, ಮುಂಜಾನೆ

ಅವತ್ತು ನಳ ಬರುವ ದಿನ. ನಮ್ಮ ಸೆಕ್ಟರಿಗೆ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ಯಾವ ಹೊತ್ತಿಗೆ ಎಂಬುದು ಬಿಡುವವನಿಗಷ್ಟೇ ಗೊತ್ತು. ಹಾಗಾಗಿ ಬೇಗ ಎದ್ದು, ನಳದ ಬಾಯಿಗೆ ಪೈಪು ಸಿಕ್ಕಿಸಿ, ಅಂಗಳ ಕಸ ಹೊಡೆದು, ನಾಲ್ಕೆಳೆ ರಂಗೋಲಿ ಎಳೆದು ಒಳಗೆ ಬಂದೆ. ಒಂದು ಒಲೆಯ ಮೇಲೆ ಚಹಾಕ್ಕಿಟ್ಟು, ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದು, ಕೈ ಸುಡದಷ್ಟು ಆರಲಿ ಎಂದು ಬಿಟ್ಟೆ. ಹಿಟ್ಟು ಆರುವ ಹೊತ್ತಿನಲ್ಲಿ ಮೊಬೈಲು ನೋಡುವುದು ನನ್ನ ರೂಢಿ.

ರಾತ್ರಿ ಮಿಸ್ ಅಗ್ನೆಸ್‌ರಿಂದ ಒಂದು ಫೋಟೋ ಬಂದಿತ್ತು. ಅಡಿಗೆಮನೆಯ ಸಣ್ಣ ಕಿಟಕಿ. ಅದಕ್ಕೆ ಪರದೆ. ಪರದೆ ನೋಡಿದ ಕೂಡಲೇ ಗುರುತು ಸಿಕ್ಕಿತು, ಗುಳೇದಗುಡ್ಡದ ಖಣ. ನಾನೇ ಕೊಟ್ಟದ್ದು. ರವಿಕೆ ಆಗಬೇಕಿದ್ದ ಬಟ್ಟೆಯನ್ನು ನಡುವೆ ಕತ್ತರಿಸಿ, ಅಂಚು ಮಡಿಚಿ ಹೊಲಿದು, ಎರಡು ಪಾಲು ಮಾಡಿ ತೂಗುಹಾಕಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಮೂರು ಸಾಲು: ಮಿಸೆಸ್ ಪೆಪ್ಪರ್, ಕಿಟಕಿ ತಯಾರು. ನರ್ಸಿಗೆ ಮನೆ ಇಲ್ಲ ಅಂದೆ. ನೀವು ಬರ್ತೇವಿ ಅಂದಿದ್ದಿರಲ್ಲ.

ನಾನು ಅದನ್ನು ಮತ್ತೆ ಮತ್ತೆ ಓದುತ್ತಾ ನಿಂತುಬಿಟ್ಟೆ. ಹೊರಗೆ ಪೈಪು ಬುಸ್ಸೆಂದದ್ದೂ, ಬಕೆಟ್ಟು ತುಂಬಿ ಅಂಗಳದ ರಂಗೋಲಿ ತೇಲಿಹೋದದ್ದೂ ಗೊತ್ತಾಗಲಿಲ್ಲ.

"ಶೈಲಾ, ನೀರು ಹರದು ಹೊಂಟಾವ ನೋಡು!" ಬಚ್ಚಲಿನಿಂದ ಇವರು ಕೂಗಿದರು. ನನ್ನಿಂದ ಉತ್ತರ ಬಾರದಿದ್ದಾಗ ಟವೆಲು ಸುತ್ತಿಕೊಂಡೇ ಬಂದರು. ಫೋಟೋ ತೋರಿಸಿದೆ.

"ನೀ ಏನರ ಮಾತು ಕೊಟ್ಟಿದ್ದೇನು ಅಕಿಗೆ?"

"ಇಲ್ರಿ. ಹೊರಡೂ ಮುಂದ ಬರ್ತೇವಿ ಅಂದೆ, ಅಷ್ಟ."

"ಕನ್ನಡದಾಗ?"

"ಇಂಗ್ಲಿಷಿನ್ಯಾಗ."

ಇವರು ಟವೆಲಿನ ತುದಿಯಿಂದ ಕಿವಿ ಒರೆಸಿಕೊಳ್ಳುತ್ತಿದ್ದವರು ಹಾಗೆಯೇ ನಿಂತರು. "ಅಯ್ಯ, ಮುಗೀತು ಬಿಡು," ಎಂದರು.

ಇವರು ಬಾಗಲಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಾರೆ. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ಎಂಬ ದ್ವೀಪದಲ್ಲಿ ಹೊಸದಾಗಿ ಶುರುವಾದ ಒಂದು ಕಾಲೇಜಿನವರು ಇವರನ್ನು ಕರೆದಿದ್ದರು. ಇಬ್ಬರೂ ಬನ್ನಿ, ಒಂದು ವಾರ ಇದ್ದು ನೋಡಿ, ಆಮೇಲೆ ಹೇಳಿ ಎಂದಿದ್ದರು. ಹೋಗಿ ಬಂದಿದ್ದೆವು. ಹೇಳುವುದು ಮಾತ್ರ ಬಾಕಿ ಇತ್ತು, ಅದನ್ನು ಇವರು ನನ್ನ ತಲೆಗೆ ಕಟ್ಟಿದ್ದರು. "ನಾ ಏನು, ಮುಂಜಾನಿ ಹೋಗಿ ಸಂಜಿಗೆ ಬರಾಂವ. ಹೆಣಗಳು ಎಲ್ಲಾ ಊರಾಗೂ ಒಂದ ಥರಾ ಇರ್ತಾವ. ಅಲ್ಲೆ ಇಡೀ ದಿನಾ ಕಳೆಯಾಕಿ ನೀ. ನೀ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ."

ನಾನು ಹೂಂ ಅಂದಿರಲಿಲ್ಲ, ಒಲ್ಲೆ ಅಂತಲೂ ಅಂದಿರಲಿಲ್ಲ. ಅಷ್ಟರಲ್ಲಿ ಸಮುದ್ರದಾಚೆ ಒಬ್ಬ ಹೆಣ್ಣುಮಗಳು ನನಗಾಗಿ ಕಿಟಕಿಗೆ ಪರದೆ ಹಾಕಿ ಕೂತಿದ್ದಳು.

ವಿಮಾನ ನಿಲ್ದಾಣದ ಕಟ್ಟೆ

ಆ ದ್ವೀಪ ಎಷ್ಟು ಸಣ್ಣದು ಎಂದರೆ, ನೀವು ಬಾಗಲಕೋಟೆ ಬಿಟ್ಟು ಹುನಗುಂದ ಮುಟ್ಟುವಷ್ಟರಲ್ಲಿ ಆ ದೇಶದ ಉದ್ದ ಮುಗಿದಿರುತ್ತದೆ. ಮನೆಯಲ್ಲಿ ಭೂಪಟ ಹಾಸಿಕೊಂಡು ಹುಡುಕುವಾಗ ಇವರು ಅದನ್ನು ಮುದ್ರಣದ ಕಲೆ ಎಂದು ಉಗುರಿನಿಂದ ಕೆರೆದಿದ್ದರು.

ಹೊರಡುವಾಗ ಇಳಕಲ್ಲಿನ ನಮ್ಮ ಚಿಕ್ಕಮ್ಮ ಕಡಕ್ ರೊಟ್ಟಿ ಬಡಿದು, ಒಣಗಿಸಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟಿದ್ದಳು. ಜೊತೆಗೆ ಶೇಂಗಾ ಚಟ್ನಿ. "ಆ ದೇಶದಾಗ ಏನ್ ತಿಂತಾರೋ ಏನೋ, ಇರ್ಲಿ ತಗೋ," ಎಂದಿದ್ದಳು. ಅಲ್ಲಿಳಿದಾಗ ತಪಾಸಣೆಯ ಕಟ್ಟೆಯ ಹಿಂದೆ ನಿಂತಿದ್ದ ಹೆಣ್ಣುಮಗಳು ಒಂದು ರೊಟ್ಟಿ ಎತ್ತಿ ಬೆರಳಿನ ಗೆಣ್ಣಿನಿಂದ ಬಡಿದಳು. ಟಣ್ ಎಂದಿತು. ಆಕೆಯ ಒಂದೊಂದು ಉಗುರಿಗೂ ಒಂದೊಂದು ಬಣ್ಣ ಹಚ್ಚಿತ್ತು.

"ಇದು ತಟ್ಟೆಯೇ?"

"ಅಲ್ಲ, ತಿನ್ನುವುದು."

"ಯಾವುದರಿಂದ?"

ನಾನು ಒಂದು ಚೂರು ಮುರಿದು ಆಕೆಯ ಎದುರೇ ಕಡಿದು ತೋರಿಸಿದೆ. ಆ ಸಪ್ಪಳಕ್ಕೆ ಪಕ್ಕದ ಕಟ್ಟೆಯವನೂ ತಿರುಗಿ ನೋಡಿದ. ಆಮೇಲೆ ಆಕೆ ಚಟ್ನಿಯ ಡಬ್ಬಿ ತೆಗೆದು ಮೂಸಿ, ಮುಖ ಆಚೆ ಮಾಡಿ ಸೀನಿದಳು. ಪಾಸ್‌ಪೋರ್ಟು ಬಿಡಿಸಿ ನಮ್ಮ ಅಡ್ಡಹೆಸರನ್ನು ಓದಲು ಯತ್ನಿಸಿ, ನಡುವೆ ಸಿಕ್ಕಿಹಾಕಿಕೊಂಡು, "ಇದರ ಅರ್ಥ ಏನು?" ಎಂದು ಕೇಳಿದಳು.

ನಮ್ಮ ಅಡ್ಡಹೆಸರು ಮೆಣಸಿನಕಾಯಿ. ಹುನಗುಂದದ ಇವರ ಮನೆತನಕ್ಕೆ ಅದು ಹೇಗೆ ಅಂಟಿತೋ ಯಾರಿಗೂ ಗೊತ್ತಿಲ್ಲ. ನಮ್ಮ ಕಡೆ ಉಳ್ಳಾಗಡ್ಡಿಯವರು, ಬದನಿಕಾಯಿಯವರು, ಬೆಲ್ಲದವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಯಾರೂ ನಗುವುದಿಲ್ಲ. ಆಕೆಗೆ ನಾನು ಅರ್ಥ ಹೇಳಿದ್ದೇ ತಡ, ಕಟ್ಟೆಗೆ ಎರಡೂ ಕೈ ಊರಿ ನಕ್ಕಳು. "ಮಿಸೆಸ್ ಪೆಪ್ಪರ್ ಪೆಪ್ಪರ್ ಕಟ್ಟಿಕೊಂಡು ಬಂದಿದ್ದಾರೆ!" ಎಂದು ಆಚೆಯವನಿಗೆ ಕೂಗಿ ಹೇಳಿ, ಗಂಟು ಕಟ್ಟಿ ವಾಪಸು ಕೊಟ್ಟಳು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಡ್ರೈವರ್ ಅದನ್ನು ಕೇಳಿಸಿಕೊಂಡ. ಮರುದಿನದ ಹೊತ್ತಿಗೆ ಕಾಲೇಜಿನ ಗೇಟಿನವನಿಗೂ ನಾನು ಮಿಸೆಸ್ ಪೆಪ್ಪರ್ ಆಗಿದ್ದೆ. ಶೈಲಾ ಎಂಬ ಹೆಸರು ಆ ದ್ವೀಪಕ್ಕೆ ಇಳಿಯಲೇ ಇಲ್ಲ.

ಬಸ್ಸು

ಅಲ್ಲಿಯ ಬಸ್ಸು ಎಂದರೆ ನಮ್ಮ ಟಂಟಂ ರಿಕ್ಷಾಕ್ಕಿಂತ ದೊಡ್ಡದು, ಬಸ್ಸಿಗಿಂತ ಸಣ್ಣದು. ತುಂಬುವ ತನಕ ಹೊರಡುವುದಿಲ್ಲ. ಆ ಮಟ್ಟಿಗೆ ಬಾದಾಮಿಯ ಸ್ಟ್ಯಾಂಡಿನಲ್ಲಿ ಪಟ್ಟದಕಲ್ಲಿನ ಗಾಡಿ ಹತ್ತಿ ಕೂತಹಾಗೇ. ಆದರೆ ಹತ್ತುವವರೆಲ್ಲ ಮೊದಲು ಇಡೀ ಬಸ್ಸಿಗೆ "ಗುಡ್ ಮಾರ್ನಿಂಗ್" ಎನ್ನುತ್ತಾರೆ. ಬಸ್ಸಿನ ಮಂದಿಯೆಲ್ಲ ತಿರುಗಿ "ಗುಡ್ ಮಾರ್ನಿಂಗ್" ಎನ್ನುತ್ತಾರೆ. ಕಾನ್ವೆಂಟ್ ಸಾಲಿಯಲ್ಲಿ ಸಿಸ್ಟರ್ ಒಳಗೆ ಬಂದಾಗ ನಾವು ಎದ್ದು ರಾಗವಾಗಿ ಹೇಳುತ್ತಿದ್ದೆವಲ್ಲ, ಹಾಗೆ. ನಮ್ಮಲ್ಲಿ ಬಸ್ಸು ಹತ್ತಿದವರು ಮೊದಲು ಆಡುವ ಮಾತು "ಸ್ವಲ್ಪ ಸರೀರಿ". ಮೊದಲ ದಿನ ನಾವು ಏನೂ ಅನ್ನದೆ ಹತ್ತಿ ಕೂತೆವು. ಯಾರೂ ಬಯ್ಯಲಿಲ್ಲ, ಆದರೆ ಒಬ್ಬ ಮುದುಕ ನಮ್ಮ ಕಡೆ ತಿರುಗಿ ಬಿಡಿಬಿಡಿಯಾಗಿ ಎರಡು ಶಬ್ದ ಹೇಳಿ ಕಾಯ್ದ. ಇವರು ಗಡಬಡಿಸಿ "ಗುಡ್ ಮಾರ್ನಿಂಗ್ ಸರ್" ಎಂದಾಗ ಬಸ್ಸಿಗೆ ಸಮಾಧಾನವಾಯಿತು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಸಿ ಬಾಳೆಕಾಯಿಗೆ ಅವರು ಫಿಗ್, ಅಂದರೆ ಅಂಜೂರ ಎನ್ನುತ್ತಾರೆ, ಅದನ್ನು ಉಪ್ಪುಮೀನಿನ ಜೊತೆ ತಿನ್ನುತ್ತಾರೆ. ನಾವು ಮೀನು ಬಿಟ್ಟು ಅಂಜೂರ ತಿಂದೆವು. ಬನಶಂಕರಿ ಗುಡಿಯ ಮುಂದೆ ಚೊಳಚಗುಡ್ಡದ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಇಟ್ಟುಕೊಂಡು ಕರೆಯುವ ಹಾಗೆಯೇ ಅಲ್ಲಿಯೂ ಹೆಂಗಸರು ರಸ್ತೆಬದಿ ಕೂತು ಕರಿದ ರೊಟ್ಟಿ ಮಾರುತ್ತಾರೆ. ಕರೆಯುವ ಧಾಟಿಯೂ ಅದೇ. ತಿನ್ನದೆ ಮುಂದೆ ಹೋದರೆ ಅವರಿಗೆ ನಮ್ಮ ಆರೋಗ್ಯದ ಚಿಂತೆ ಹತ್ತುತ್ತದೆ.

ಹೊಸಬರ ಸಭೆ

ಕಾಲೇಜಿನವರು ಆ ವಾರ ಹೊಸಬರ ಸಭೆ ಇಟ್ಟಿದ್ದರು. ಬರಲು ನಿಶ್ಚಯಿಸಿದವರು, ಬರಬೇಕೋ ಬೇಡವೋ ಎನ್ನುತ್ತಿರುವವರು, ಎಲ್ಲರನ್ನೂ ಸಮುದ್ರಕ್ಕೆ ಮುಖ ಮಾಡಿದ ಒಂದು ಪಡಸಾಲೆಯಲ್ಲಿ ಗುಂಡಗೆ ಕೂರಿಸಿದರು. ನಡೆಸುತ್ತಿದ್ದವರು ಪದ್ಮಾ ಎಂಬ ಗುಂಟೂರಿನ ಹೆಣ್ಣುಮಗಳು. ಆಕೆಯ ಗಂಡ ಅಲ್ಲಿ ಮೇಷ್ಟ್ರು. ಪ್ರತಿಯೊಬ್ಬರೂ ಎದ್ದು ಹೆಸರು, ಊರು, ಯಾವಾಗ ಬರುತ್ತೀರಿ, ಬರುವಾಗ ಏನು ತರುತ್ತೀರಿ, ಇಷ್ಟು ಹೇಳಬೇಕು ಎಂದರು.

ಕೆನಡಾದ ಗಂಡಹೆಂಡಿರು ಒಂದು ದೋಣಿ, ಎರಡು ಬೆಕ್ಕು ತರುವವರಿದ್ದರು. ಬೆಕ್ಕುಗಳಿಗೆ ನೀರು ಕಂಡರೆ ಆಗುವುದಿಲ್ಲವಂತೆ, ಅದೇ ಅವರ ಚಿಂತೆ. ಘಾನಾ ದೇಶದ ಒಬ್ಬರು ತಾಯಿಯನ್ನು ಕರೆತರುವವರು. "ತಾಯಿ ಬರಲು ಒಪ್ಪಿದ್ದಾಳೆ, ತನ್ನ ಒರಳು ಬಿಟ್ಟು ಬರಲು ಒಪ್ಪಿಲ್ಲ. ವಿಮಾನದವರು ಒರಳು ಒಪ್ಪುತ್ತಿಲ್ಲ," ಎಂದರು. ನನಗೆ ಆ ತಾಯಿಯನ್ನು ಒಮ್ಮೆ ನೋಡಬೇಕೆನಿಸಿತು.

ಇವರ ಸರದಿ ಬಂತು. ಎದ್ದು, "ನಾನು ಅನಾಟಮಿ. ಯಾವಾಗ ಬರುತ್ತೇವೆ ಎಂಬುದು ನನ್ನ ಹೆಂಡತಿಗೆ ಗೊತ್ತು," ಎಂದು ಕೂತುಬಿಟ್ಟರು. ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ನನಗೆ ಕೆಳಗಿನಿಂದ ಅವರ ಕಾಲು ತುಳಿಯಬೇಕೆನಿಸಿತ್ತು, ದೂರವಿತ್ತು.

ನಾನು ಎದ್ದೆ. ಇಂಥ ಹೊತ್ತಿಗೆ ನಮಗೆ ಸಿಸ್ಟರ್ ಕಲಿಸಿದ ಕ್ರಮ ಇದೆ: ಬೆನ್ನು ನೆಟ್ಟಗೆ, ಕೈ ಪಕ್ಕಕ್ಕೆ, ಮೊದಲು ಹೆಸರು, ಆಮೇಲೆ ತಂದೆಯ ಹೆಸರು, ಆಮೇಲೆ ಊರು. ಹೆಸರು ಹೇಳಿದೆ. ತಂದೆಯ ಹೆಸರೂ ಹೇಳಿದೆ, ಯಾರೂ ಕೇಳಿರಲಿಲ್ಲ. ಊರು ಎಂದಾಗ ಬಾಗಲಕೋಟೆ ಎಂದೆ. ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಪೂರ್ಣ ಉತ್ತರ ಕೊಡಬೇಕು ಎಂಬುದು ಸಾಲಿಯ ರೂಢಿಯಾದ್ದರಿಂದ, "ನಾನು ಹುಟ್ಟಿದ ಓಣಿ ಈಗ ನೀರಿನಡಿ ಇದೆ, ಈಗ ಇರುವುದು ಹೊಸ ಊರಿನಲ್ಲಿ," ಎಂದೆ.

ಆ ದ್ವೀಪದಲ್ಲಿ ಎಲ್ಲರ ಮನಸ್ಸಿನಲ್ಲಿ ಇರುವುದು ಚಂಡಮಾರುತ. "ಯಾವ ಚಂಡಮಾರುತದಲ್ಲಿ?" ಎಂದು ಕೆನಡಾದವರು ಮೆಲ್ಲಗೆ ಕೇಳಿದರು.

"ಚಂಡಮಾರುತ ಅಲ್ಲ. ಅಣೆಕಟ್ಟು. ಹಿನ್ನೀರು ಬರುತ್ತದೆ ಎಂದು ಮೊದಲೇ ಹೇಳಿದ್ದರು."

"ಎಷ್ಟು ಮೊದಲು?"

"ನಾನು ಹುಟ್ಟುವ ಮೊದಲು."

ಯಾರೋ ನಕ್ಕರು, ಆಮೇಲೆ ನಗಬಾರದಿತ್ತೇನೋ ಎಂದು ನಿಲ್ಲಿಸಿದರು. ನಗುವ ಸಂಗತಿಯೇ. ಮುಳುಗುತ್ತದೆ ಎಂದು ಹೇಳಿಕೊಂಡೇ ನಮ್ಮ ಓಣಿಯವರು ಮನೆಗೆ ಸುಣ್ಣ ಹಚ್ಚಿದರು, ಅಟ್ಟ ಕಟ್ಟಿಸಿದರು, ಮದುವೆ ಮಾಡಿದರು. ಕಡೆಗೆ ನಾನು ಪಿಯುಸಿ ಓದುವಾಗ ನಮ್ಮ ಕಿಲ್ಲಾ ಓಣಿ ಖಾಲಿಯಾಯಿತು. ಒಂದೊಂದೇ ಲಾರಿ ಬರುತ್ತಿತ್ತು. ಲಾರಿ ಹತ್ತುವ ಮುನ್ನ ಪ್ರತಿಯೊಬ್ಬರೂ ಅಕ್ಕಪಕ್ಕದವರಿಗೆ "ಬರ್ತೇವ್ರಿ, ಬರ್ತೇವ್ರಿ" ಎನ್ನುತ್ತಿದ್ದರು. ನಮ್ಮವ್ವನೂ ಅಂದಳು. ಯಾವ ಮನೆಗೆ ಬರುವುದು ಎಂದು ಯಾರೂ ಕೇಳಲಿಲ್ಲ.

"ಮತ್ತೆ, ಇಲ್ಲಿಗೆ ಯಾವಾಗ ಬರುತ್ತೀರಿ?" ಪದ್ಮಾ ಕೇಳಿದರು.

ನಾನು ಥ್ಯಾಂಕ್ಯೂ ಎಂದು ಕೂತೆ. ಸಿಸ್ಟರ್ ಕಲಿಸಿದ ಕ್ರಮದಲ್ಲಿ ಆ ಪ್ರಶ್ನೆ ಇರಲಿಲ್ಲ.

ಮಿಸ್ ಅಗ್ನೆಸ್, ಮೊದಲ ಸಲ

ನಿರ್ಧಾರ ಆಗಲಿ ಬಿಡಲಿ, ಒಂದು ಮನೆ ನೋಡಿಕೊಂಡು ಬನ್ನಿ ಎಂದು ಪದ್ಮಾ ವಿಳಾಸ ಕೊಟ್ಟರು. ಗುಡ್ಡದ ಇಳಿಜಾರಿನಲ್ಲಿ ಮರದ ಮನೆ, ಮೇಲೆ ಮಿಸ್ ಅಗ್ನೆಸ್ ಇರುತ್ತಾರೆ, ಕೆಳಗಿನ ಮನೆ ಖಾಲಿ ಇದೆ ಎಂದರು. ಅಲ್ಲಿ ಹಿರಿಯ ಹೆಂಗಸರನ್ನು ಹಾಗೆ ಹೆಸರಿನ ಮೊದಲು ಮಿಸ್ ಹಚ್ಚಿ ಕರೆಯುತ್ತಾರೆ, ನಾವು ಅಕ್ಕಾರ ಅಂದ ಹಾಗೆ.

ಹೋಗುವ ಹೊತ್ತಿಗೆ ಕತ್ತಲಾಗುತ್ತಿತ್ತು. ಇವರು ಕದ ಬಡಿದರು. ಕದ ತೆರೆಯಿತು. ಎತ್ತರದ, ತಲೆಗೆ ಚೌಕಳಿ ಬಟ್ಟೆ ಕಟ್ಟಿದ ಹೆಂಗಸು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಸ್ಪಷ್ಟವಾಗಿ, "ಗುಡ್ ನೈಟ್," ಎಂದರು.

ಇವರು "ಗುಡ್ ನೈಟ್ ಮೇಡಂ" ಎಂದು ತಲೆ ಬಾಗಿಸಿ, ನನ್ನ ತೋಳು ಹಿಡಿದು ಮೆಟ್ಟಿಲು ಇಳಿಯತೊಡಗಿದರು. "ಯಾಕ್ರೀ?" ಎಂದರೆ, "ಹೋಗ್ರಿ ಅಂದ್ರು ಕೇಳ್ಸಲಿಲ್ಲೇನು? ಹೊತ್ತಾತು ಅಂತ ಕಾಣ್ಸತೈತಿ, ನಡಿ ನಾಳೆ ಬರೂಣು," ಎಂದು ಪಿಸುಗುಟ್ಟಿದರು.

ಹಿಂದಿನಿಂದ ದನಿ ಬಂತು. ಮಿಸ್ ಅಗ್ನೆಸ್‌ರ ಇಂಗ್ಲಿಷು ನಮ್ಮ ಸಿಸ್ಟರುಗಳದ್ದಲ್ಲ. ಕ್ರಿಯಾಪದದ ಬಾಲ ಕತ್ತರಿಸಿ, ಮಾತಿನ ಕೊನೆಯನ್ನು ಎಳೆದು ಆಡುವ ಇಂಗ್ಲಿಷು. ನನ್ನ ಕಿವಿಗೆ ಅದು ನಮ್ಮ ಓಣಿಯ ಮಾತಿನ ಹಾಗೆಯೇ ಬೀಳುತ್ತಿತ್ತು, ಆದ್ದರಿಂದ ಹಾಗೆಯೇ ಬರೆಯುತ್ತೇನೆ.

"ಎಲ್ಲಿ ಹೊಂಟ್ರಿ? ಮನಿ ನೋಡಾಕ ಬಂದ್ರೋ, ಮೆಟ್ಲಾ ಎಣಸಾಕ ಬಂದ್ರೋ?"

ಆ ದ್ವೀಪದಲ್ಲಿ ಕತ್ತಲಾದ ಮೇಲೆ ಭೇಟಿಯಾದವರು ಮೊದಲು ಹೇಳುವುದೇ ಗುಡ್ ನೈಟ್. ಅದು ಬರುವ ಮಾತು, ಹೋಗುವ ಮಾತಲ್ಲ. ಇದು ಗೊತ್ತಾದ ಮೇಲೆ ಮಿಸ್ ಅಗ್ನೆಸ್ ನಕ್ಕದ್ದಕ್ಕಿಂತ ಇವರು ನಾಚಿದ್ದು ಹೆಚ್ಚು. ಎರಡು ಮಂದಿ ಡಾಕ್ಟರು ಹಿಂದೆ ಇದೇ ಮೆಟ್ಟಿಲಿನಿಂದ ತಿರುಗಿ ಹೋಗಿದ್ದರಂತೆ. "ನಿಮ್ಮ ದೇಶದವ್ರೇ ಇರಬೇಕು. ಭಾಳ ಮರ್ಯಾದಿ ಮಂದಿ, ಒಳಗ ಬರೂದ ಇಲ್ಲ," ಎಂದರು.

ಅವರ ತಲೆಯ ಬಟ್ಟೆ ನೋಡಿ ಚೆಂದ ಇದೆ ಎಂದೆ. "ಮದ್ರಾಸ್," ಎಂದರು. ನಾನು ಬೆರಗಾಗಿ, ಮದ್ರಾಸಿನಿಂದ ತರಿಸಿದ್ದೇ ಎಂದು ಕೇಳಿದೆ. "ಎಲ್ಲಿಂದನೂ ಅಲ್ಲ, ಇದು ನಮ್ಮ ಬಟ್ಟಿ. ಇದರ ಹೆಸರು ಮದ್ರಾಸ್. ಹಬ್ಬಕ್ಕ ಎಲ್ಲಾರೂ ಇದನ್ನ ಉಡ್ತಾರ." ಅದು ಒಂದು ಊರಿನ ಹೆಸರು ಎಂದು ಹೇಳಬೇಕೆಂದುಕೊಂಡು ಬಿಟ್ಟೆ. ಅಷ್ಟು ಕಾಲ ಅವರ ತಲೆಯ ಮೇಲಿದ್ದ ಬಟ್ಟೆಯನ್ನು ನಾನು ಬಂದು ನಮ್ಮದು ಎನ್ನುವುದು ಸರಿ ಕಾಣಲಿಲ್ಲ.

ಮಿಸ್ ಅಗ್ನೆಸ್, ಎರಡನೆಯ ಸಲ

ಹೊರಡುವ ಹಿಂದಿನ ದಿನ ಹಗಲಿನಲ್ಲಿ ಮತ್ತೆ ಹೋದೆವು. ಕೆಳಗಿನ ಮನೆಯಲ್ಲಿ ಮೊದಲು ಅವರ ತಂಗಿ ಇದ್ದಳಂತೆ. ಅವಳು ಮಗಳ ಹತ್ತಿರ ಪಕ್ಕದ ದ್ವೀಪಕ್ಕೆ ಹೋದ ಮೇಲೆ ಖಾಲಿ. "ನನಗ ಕೆಳಗ ಸಪ್ಪಳ ಬೇಕು," ಎಂದರು. "ತಂಗಿ ಇದ್ದಾಗ ಮುಂಜಾನಿ ಭಾಂಡೆ ಸಪ್ಪಳಕ್ಕ ನನಗ ಎಚ್ಚರಾಗ್ತಿತ್ತು. ಬೈಕೋತ ಏಳ್ತಿದ್ದೆ. ಈಗ ಯಾರನ್ನ ಬೈಯಲಿ? ಒಬ್ಬಾಕಿ ನರ್ಸ್ ಕೇಳ್ಯಾಳ. ಒಳ್ಳೇಕಿ ಇದ್ದಾಳ, ಆದರ ರಾತ್ರಿ ಪಾಳಿ. ಹಗಲೆಲ್ಲಾ ಮಲಗಾಕಿ. ಅಕಿಂದೇನು ಸಪ್ಪಳ?"

"ನಮ್ಮಾಕಿದು ರೊಟ್ಟಿ ಬಡಿಯೂ ಸಪ್ಪಳ ಐತಿ," ಎಂದರು ಇವರು. ಅದನ್ನು ಇಂಗ್ಲಿಷಿನಲ್ಲಿ ಹೇಗೋ ಹೇಳಿ, ಅಂಗೈಯಿಂದ ಮೇಜು ಬಡಿದೂ ತೋರಿಸಿದರು. ಮಿಸ್ ಅಗ್ನೆಸ್ ಕಿವಿಗೊಟ್ಟು ಕೇಳಿ, ಪರವಾಗಿಲ್ಲ ಎಂಬಂತೆ ತಲೆ ಆಡಿಸಿದರು.

ಅಡಿಗೆಮನೆಯ ಸಣ್ಣ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ನೋಡಿದವಳೇ ಬಾಗಿಲು ತೆಗೆದು ಹೊರಗೆ ಹೋದೆ. ಕೆಂಪು ದಂಟು, ಬೆರಳು ಬಿಡಿಸಿದಂಥ ಎಲೆ. ಒಂದೆಲೆ ಚಿವುಟಿ ಬಾಯಿಗೆ ಹಾಕಿಕೊಂಡೆ. ಹುಳಿ. ಪುಂಡಿಸೊಪ್ಪು! ಕೆರೂರಿನ ಸಂತೆಯಲ್ಲಿ ಸಿವುಡು ಕಟ್ಟಿ ಇಡುತ್ತಾರಲ್ಲ, ಅದೇ ಪುಂಡಿ, ಎದೆಯೆತ್ತರ ಬೆಳೆದು ನಿಂತಿತ್ತು.

"ಅದನ್ಯಾಕ ತಿಂತಿ? ಅದು ಎಲಿ!" ಮಿಸ್ ಅಗ್ನೆಸ್ ಗಾಬರಿಯಾದರು. ಅವರು ಅದನ್ನು ಬೆಳೆಯುವುದು ಹೂವಿನ ಬುಡದ ಕೆಂಪು ಎಸಳಿಗಾಗಿ. ಕ್ರಿಸ್‌ಮಸ್ಸಿಗೆ ಅದನ್ನು ಕುದಿಸಿ, ಶುಂಠಿ ಹಾಕಿ ಪಾನಕ ಮಾಡುತ್ತಾರೆ. ಎಲೆ ಎಸೆಯುತ್ತಾರೆ. ನಾವು ಎಲೆಗೆ ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ, ಹೂ ಬಿಡುವ ಹೊತ್ತಿಗೆ ಗಿಡ ಕಿತ್ತು ಹಾಕುತ್ತೇವೆ. ಅವರು ಎಸೆಯುವುದನ್ನು ನಾವು ತಿನ್ನುತ್ತೇವೆ, ನಾವು ಎಸೆಯುವುದನ್ನು ಅವರು ಕುಡಿಯುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಅನುಮಾನದಿಂದ ನೋಡಿಕೊಂಡೆವು.

ಆ ಮಧ್ಯಾಹ್ನ ಅವರ ಒಲೆಯ ಮೇಲೆ, ನುಚ್ಚಿನ ಬದಲು ಅಕ್ಕಿ ಹಾಕಿ, ಪುಂಡಿ ಪಲ್ಯ ಮಾಡಿದೆ. ಕಡಕ್ ರೊಟ್ಟಿಯ ಜೊತೆ ಕೊಟ್ಟೆ. ಅವರು ರೊಟ್ಟಿಯನ್ನು ಪಲ್ಯದಲ್ಲಿ ಮುಳುಗಿಸಿ, ಮೆತ್ತಗಾಗಲಿ ಎಂದು ಗಡಿಯಾರ ನೋಡುತ್ತಾ ಕೂತರು. ತಿಂದು, ಮತ್ತೊಂದು ಸಲ ಹಾಕಿಸಿಕೊಂಡರು.

ಹೊರಡುವಾಗ ನನ್ನ ಚೀಲದಲ್ಲಿ ಒಂದು ಖಣ ಇತ್ತು. ಬೇರೆಯವರ ಮನೆಯಲ್ಲಿ ಉಂಡು ಎದ್ದು ಬರುವಾಗ ಬರಿಗೈಲಿ ಬರುವುದು ನಮಗೆ ರೂಢಿಯಲ್ಲ. ಅದನ್ನು ಅವರ ಕೈಯಲ್ಲಿಟ್ಟೆ. ಅವರು ಬಿಡಿಸಿ, ಬೆಳಕಿಗೆ ಹಿಡಿದು, ಮಡಿಚಿ, ಎದೆಗೆ ಒತ್ತಿಕೊಂಡು, "ಅಂದ್ರ?" ಎಂದು ನನ್ನ ಮುಖ ನೋಡಿದರು.

ಇಂಗ್ಲಿಷಿನಲ್ಲಿ ಹೋಗುವಾಗ ಏನನ್ನಬೇಕೆಂದು ನನಗೆ ಚೆನ್ನಾಗಿ ಕಲಿಸಿದ್ದಾರೆ. ಆದರೆ ಖಣ ಕೊಟ್ಟ ಕೈಗೆ, ಹೊಸ್ತಿಲ ಮೇಲೆ ನಿಂತ ಕಾಲಿಗೆ ಆ ಪಾಠ ನೆನಪಾಗಲಿಲ್ಲ. ಅಲ್ಲಿ ನಿಂತದ್ದು ನಮ್ಮವ್ವನ ಮಗಳು. ಹೋಗ್ತೇನಿ ಎಂದು ಯಾವ ಹೊಸ್ತಿಲ ಮೇಲೂ ಅನ್ನದವಳು.

"ವಿ ವಿಲ್ ಕಮ್, ಮಿಸ್ ಅಗ್ನೆಸ್," ಎಂದೆ.

ಅವರು ನನ್ನ ಎರಡೂ ಕೈ ಹಿಡಿದರು. ಅಷ್ಟು ಬಿಗಿಯಾಗಿ ಯಾಕೆ ಹಿಡಿದರು ಎಂದು ಆಗ ಹೊಳೆಯಲಿಲ್ಲ. ಒಳ್ಳೆಯ ಹೆಣ್ಣುಮಗಳು ಎಂದುಕೊಂಡು ಮೆಟ್ಟಿಲಿಳಿದೆ.

ನವನಗರ, ಸಂಜೆ

ಅವತ್ತು ಇಡೀ ದಿನ ಆ ಕಿಟಕಿ ನನ್ನ ಹಿಂದೆ ಹಿಂದೆ ತಿರುಗಿತು. ರೊಟ್ಟಿ ಬಡಿಯುವಾಗ ಸಪ್ಪಳ ಎಂದಿಗಿಂತ ದೊಡ್ಡದಾಗಿ ಕೇಳಿಸಿ, ಕೈ ಹಗುರ ಮಾಡಿದೆ. ಒಲ್ಲೆ ಎನ್ನಬೇಕೆಂದರೆ ಇವತ್ತೇ ಎನ್ನಬೇಕು. ನರ್ಸಿಗೆ ಮನೆ ಬೇಕು, ಮಿಸ್ ಅಗ್ನೆಸ್‌ರಿಗೆ ಸಪ್ಪಳ ಬೇಕು. ನಡುವೆ ನಾನೊಬ್ಬಳು, ನನ್ನ ಮರ್ಯಾದೆಯ ಮಾತೊಂದು.

ನಮಗೆ ಸಂಜೆಯಾದಾಗ ಅಲ್ಲಿ ಮುಂಜಾನೆ. ಇವರು ಕಾಲೇಜಿನಿಂದ ಬಂದು, ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತರು. ನಾನು ಫೋನು ಹಚ್ಚಿದೆ.

"ಗುಡ್ ಮಾರ್ನಿಂಗ್, ಮಿಸೆಸ್ ಪೆಪ್ಪರ್!" ಹಿಂದೆ ಎಲ್ಲೋ ಹುಂಜ ಕೂಗಿತು.

ಪರದೆ ಚೆಂದ ಆಗಿದೆ ಎಂದೆ. ಆಮೇಲೆ, ತಪ್ಪು ತಿಳಿಯಬಾರದು ಎಂದು ಶುರು ಮಾಡಿ, ನಮ್ಮಲ್ಲಿ ಹೊರಡುವಾಗ ಹೋಗ್ತೇನಿ ಅನ್ನುವುದಿಲ್ಲ, ಅದು ಒಳ್ಳೆಯ ಮಾತಲ್ಲ, ಅದಕ್ಕೇ ಬರ್ತೇನಿ ಅನ್ನುತ್ತೇವೆ, ಅವತ್ತು ನಾನು ಅಂದದ್ದು ಅದು, ಎಂದು ಒಂದೇ ಉಸಿರಿಗೆ ಹೇಳಿದೆ.

"ಅಂದ್ರ ನೀವು ಬರ್ತೇನಿ ಅಂದ್ರ, ಹೋಗ್ತೇನಿ ಅಂತ."

"ಹೌದ್ರಿ."

"ಮತ್ತ, ಖರೇನ ಬರೂದಿದ್ರ ಏನಂತೀರಿ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಖರೇ ಬರುವುದಿದ್ದರೂ ಬರ್ತೇನಿ ಅಂತಲೇ ಅನ್ನುತ್ತೇವೆ. ಕೇಳಿದವರಿಗೆ ಹೇಗೋ ತಿಳಿಯುತ್ತದೆ. ಹೇಗೆ ತಿಳಿಯುತ್ತದೆ? ಕಿಲ್ಲಾ ಓಣಿಯ ಲಾರಿಗಳ ಮುಂದೆ ಯಾರಿಗೆ ಏನು ತಿಳಿದಿತ್ತು?

"ವಾರಾ ಹೇಳ್ತೇವಿ," ಎಂದೆ, ಯೋಚಿಸಿ. "ಖರೇನ ಬರೂದಿದ್ರ, ಇಂಥಾ ವಾರ ಬರ್ತೇವಿ ಅಂತೀವಿ."

"ಹಂಗಾರ ಹೇಳು. ಇಲ್ಲಾ, ಇಲ್ಲ ಅಂತ ಹೇಳು, ನನಗ ಸಿಟ್ಟಿಲ್ಲ. ನರ್ಸ್ ಇವತ್ತು ಮತ್ತ ಬರ್ತೇನಿ ಅಂದಾಳ. ಅಕಿ ಅಂದ್ರ ಬರ್ತಾಳ." ಆಮೇಲೆ ಅಂದರು, "ನಿನ್ನ ಆ ಗಿಡದ ಎಲಿ ನಾ ಕಿತ್ತು ಒಗದಿಲ್ಲ. ನೀ ಬಂದು ತಿಂತಿ ಅಂತ ಬಿಟ್ಟೇನಿ. ಭಾಳ ಆಗ್ಯಾವ, ದಾರಿ ಕಟ್ಟ್ಯಾವ."

ನಾನು ಇವರ ಕಡೆ ನೋಡಿದೆ. ಇವರು ನನ್ನ ಕಡೆ ನೋಡದೆ ಕಾಳು ಸುಲಿಯುತ್ತಿದ್ದರು. ಸಿಪ್ಪೆ ಪಾತ್ರೆಗೆ, ಕಾಳು ಕಸದ ಬುಟ್ಟಿಗೆ ಹಾಕುತ್ತಿದ್ದರು.

ಮೊದಲ ಸಲ ಊರು ಬಿಟ್ಟಾಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನೀರು ಬರುತ್ತದೆ ಎಂದರು, ಲಾರಿ ಹತ್ತಿದೆವು. ಈ ಸಲ ವಾರ ಯಾವುದು ಎಂದು ಕೇಳುವವರೊಬ್ಬರು ಇದ್ದರು.

"ದೀಪಾವಳಿ ಆದ ಮ್ಯಾಲಿನ ಸೋಮವಾರ," ಎಂದೆ. ಅದು ಅವರಿಗೆ ತಿಳಿಯಲಿಲ್ಲವಾದ್ದರಿಂದ ತಿಂಗಳು ಬಿಡಿಸಿ ಹೇಳಿದೆ.

"ಸೋಮವಾರ ಚೊಲೋ," ಎಂದರು. "ಅಷ್ಟೊತ್ತಿಗೆ ಹೂ ಬಿಡ್ತಿರ್ತಾವ. ಎಲಿ ನಿನಗ, ಹೂ ನನಗ." ಅಷ್ಟಂದು ಫೋನು ಇಟ್ಟರು.

ಇವರು ಬುಟ್ಟಿಯಿಂದ ಕಾಳು ಆರಿಸಿ ಪಾತ್ರೆಗೆ ಹಾಕತೊಡಗಿದರು. "ಸೋಮವಾರ ವಿಮಾನ ಐತೋ ಇಲ್ಲೋ ನೋಡಬೇಕಲಾ," ಎಂದಷ್ಟೇ ಅಂದರು.

ಅಷ್ಟೊತ್ತಿಗೆ ಕಾಂಪೌಂಡ್ ಗೋಡೆಯ ಆಚೆಯಿಂದ ಶಾರದಕ್ಕ ವಾಟಗಾ ಬಟ್ಟಲು ಹಿಡಿದುಕೊಂಡು ಬಂದರು. ಪಕ್ಕದ ಮನೆಯವರು. ಮದುವೆಯಾಗಿ ನಾವು ಈ ಮನೆ ಹೊಕ್ಕ ದಿನವೂ ಹೀಗೇ ವಾಟಗಾ ಹಿಡಿದು ಬಂದಿದ್ದರು. "ನೀವು ಮುಳುಗಡಿ ಮಂದಿನೋ, ಹೊರಗಿನವ್ರೋ?" ಎಂದು ಕೇಳಿ, "ನಾ ಮುಳುಗಡಿ, ಇವರು ಹುನಗುಂದದವ್ರು," ಎಂದು ನಾನು ಹೇಳಿದ ಮೇಲೆ, "ನಾವೂ ಮುಳುಗಡಿನ, ಹೆಪ್ಪು ಐತೇನವಾ?" ಎಂದಿದ್ದರು. ಈ ಊರಿನಲ್ಲಿ ನನ್ನ ಪರಿಚಯ ಆದದ್ದು ಹಾಗೆ.

"ಹಾಲು ಕಾಸಿಟ್ಟೇನಿ, ಹೆಪ್ಪು ಇಲ್ಲ ನೋಡು. ಒಂದೀಟು ಹಾಕು. ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದು, ಹಚ್ಚಿಲ್ಲಲಾ ಇನ್ನೂ?"

"ಹಚ್ಚಿಲ್ರಿ, ಕೊಡ್ರಿ ಇಲ್ಲೆ." ಎರಡು ಚಮಚ ಮೊಸರು ಹಾಕಿದೆ. ಸೋಮವಾರದ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಶಾರದಕ್ಕ ಆಗಲೇ ಬೆನ್ನು ತಿರುಗಿಸಿದ್ದರು. ಸೆರಗಿನಿಂದ ವಾಟಗಾ ಮುಚ್ಚಿಕೊಂಡು, "ಬರ್ತೇನಿ ಶೈಲಾ," ಎಂದರು.

"ಯಾವಾಗ?" ಎಂದೆ. ಬಾಯಿಂದ ತಾನೇ ಬಂದುಬಿಟ್ಟಿತ್ತು.

ಶಾರದಕ್ಕ ಗೇಟಿನ ಚಿಲಕ ಹಾಕುತ್ತಾ ನಕ್ಕರು. "ಹುಚ್ಚಿ, ಬರ್ತೇನಿ ಅಂದ್ರ ಬರೂದೇನ? ಅದು ಹೋಗೂ ಮಾತವಾ."